ಮುಖ ತೋರ್ಸು, ಸ್ಕಾಲರ್‌ಶಿಪ್ ತಗೋ

"ಸರಳ ಮಾಡ್ಯಾರೆ ಅಂತ ಪೇಪರ್ನಾಗೆ ಬಂತು ಅಂದ್ರೆ ನಂಗೆ ಎದೆ ಝಲ್ ಅಂತೈತೆ ಕಣ್ಲೇ" ಅಂದ ರುದ್ರಣ್ಣ, ಮಿರ್ಚಿ ತೊಟ್ಟು ಕಿತ್ತು ಮಂಡಕ್ಕಿ ಪೊಟ್ಣದ ಪಕ್ಕ ಇಡ್ತಾ.

"ಏನ್ ಸರಳ?" ಹಾಲೇಶ ಕೇಳ್ದ.

"ಸ್ಕಾಲರ್‌ಶಿಪ್ ಅರ್ಜಿ. ಮೊದ್ಲು ಒಂದು ಫಾರಂ, ಅದಕ್ಕೆ ಕ್ಯಾಸ್ಟು ಇನ್‌ಕಮ್ಮು ಝೆರಾಕ್ಸ್ ಪಿನ್ ಹೊಡ್ದು ಕಾಲೇಜ್ ಆಫೀಸ್ನಾಗೆ ಕೊಟ್ರೆ ಮುಗೀತು. ಈಗ ಸರಳ ಆಗೈತೆ. ಆಧಾರ್ ಬೇಕು, ಅದಕ್ಕೆ ಮೊಬೈಲ್ ಲಿಂಕ್ ಇರ್ಬೇಕು, ಸರ್ಟಿಫಿಕೇಟಿನ ಆರ್‌ಡಿ ನಂಬರ್ ಬೇಕು, ಬ್ಯಾಂಕಿಗೆ ಆಧಾರ್ ಕೊಟ್ಟಿದ್ರೆ ಸಾಲಲ್ಲ ಎನ್‌ಪಿಸಿಐ ಮ್ಯಾಪಿಂಗ್, ಅಂದ್ರೆ ಆಧಾರ್ ಮ್ಯಾಲೆ ಬರೋ ದುಡ್ಡು ಯಾವ ಬ್ಯಾಂಕಿಗೆ ಹೋಗ್ಬೇಕು ಅಂತ ಬರ್ಸೋದು, ಅದೂ ಆಗಿರ್ಬೇಕಂತೆ. ನನ್ ಮದುವೇಲಿ ಜಾತಕ ಇಷ್ಟು ಕೂಡಿಸ್ಲಿಲ್ಲ ಕಣಪ್ಪ. ಮ್ಯಾಲೆ ಹುಡುಗನ ಇನಿಷಿಯಲ್ ಬ್ಯಾರೆ. ಆರ್ ಅಂದ್ರೆ ನಾನು. ಎಸ್ಸೆಸ್ಸೆಲ್ಸಿ ಕಾರ್ಡ್ನಾಗೆ ಅದೀನಿ, ಆಧಾರ್ನಾಗೆ ಇಲ್ಲ. ಫೀಸ್ ಕಟ್ಟೋವಾಗ ಮಾತ್ರ ಎಲ್ಲಾ ಕಡೆ ಅದೀನಿ."

ಶೇಖ್ರಿ ಸುಮ್ನಿರ್ತಾನಾ, ಅವನ ಭಾಮೈದ ಅಮೆರಿಕದಾಗೆ ಅದಾನಲ್ಲ. "ಅಲ್ಲಿ ಕಾಲೇಜ್ ಓದಿಗೆ ಸರ್ಕಾರದ ನೆರವು ಕೇಳೋಕೆ ಫಾಫ್ಸಾ ಅಂತ ಫಾರಂ. 108 ಪ್ರಶ್ನೆ ಇದ್ವು, ಸರಳ ಮಾಡ್ತೀವಿ ಅಂತ ಕಡಿಮೆ ಮಾಡಿದ್ರು. ಪ್ರತಿ ಸಲ ಅಕ್ಟೋಬರ್ 1ಕ್ಕೆ ಬರ್ತಿತ್ತು, ಆ ಸಲ 2023ರ ಡಿಸೆಂಬರ್ ಮುಗಿಯೋ ಹೊತ್ತಿಗೆ ಬಂತು."

"ನೋಡ್ದಾ! ಅಲ್ಲೂ ಸರಳ!"

"ಮನೆಯೋರಿಗೆ ಎಷ್ಟು ಕಟ್ಟೋ ತಾಕತ್ತೈತೆ ಅಂತ ಒಂದು ನಂಬರ್ ತೆಗೀತಾರೆ. ಮೊದ್ಲು ಸೊನ್ನೆಗೆ ನಿಲ್ತಿತ್ತು, ಈಗ ಮೈನಸ್ 1500ರ ತನಕ ಇಳೀತೈತೆ."

"ಮೈನಸ್ ಬಡವ!" ರುದ್ರಣ್ಣಂಗೆ ಮಿರ್ಚಿ ನೆತ್ತಿಗೇರ್ತು. "ನಮ್ಕಡೆ ವರಮಾನ ಸೊನ್ನೆ ಅಂತ ಹೇಳು ನೋಡಾನ, ಹಂಗಾರೆ ಊಟಕ್ಕೇನ್ ಮಾಡ್ತೀಯ ಅಂತಾರೆ. ಅಲ್ಲಿ ಸೊನ್ನೆ ಕೆಳಗೂ ಮೆಟ್ಲು ಕಟ್ಯಾರಲ್ಲಪ್ಪ."

"ಆದ್ರೆ ಒಂದೇ ಮನೆಯಿಂದ ಇಬ್ರು ಓದ್ತಿದ್ರೆ ಮೊದ್ಲು ಆ ಮೊತ್ತ ಹಂಚಿಹೋಗ್ತಿತ್ತು, ಈಗಿಲ್ಲ."

"ಬಸ್ನಾಗಾದ್ರೂ ಸಣ್ಣ ಹುಡುಗ್ರಿಗೆ ಹಾಫ್ ಟಿಕೆಟ್ ಐತಲ್ಲೋ!"

ಮಂಜ ಅದುವರ್ಗೂ ಮಂಡಕ್ಕಿನಾಗೆ ಕಡ್ಲೆ ಹುಡುಕ್ತಿದ್ದ. "ಕೇಂದ್ರದ ಸ್ಕಾಲರ್‌ಶಿಪ್ಪಿಗೆ 2024-25ರಿಂದ ಒಟಿಆರ್ ಮಾಡ್ಯಾರೆ, ಒಂದೇ ಸಲ ಹೆಸ್ರು ನೋಂದಾಯಿಸೋದು, 14 ಅಂಕಿದು, ಓದು ಮುಗಿಯೋ ತನಕ ಅದೇ ನಂಬರ್. ಫೋನ್ ಮುಂದೆ ಮುಖ ಹಿಡಿದು ಕಣ್ಣು ಮಿಟುಕಿಸ್ಬೇಕು."

"ಕಣ್ಣು ಮಿಟುಕಿಸ್ಬೇಕಾ? ನಾವು ಕಾಲೇಜ್ನಾಗೆ ಮಿಟುಕಿಸಿದ್ದಕ್ಕೆ ಅಪ್ಪನ್ನ ಕರ್ಕಂಬಾ ಅಂದಿದ್ರು, ಈಗ ಅದಕ್ಕೇ ದುಡ್ಡು ಕೊಡ್ತಾರೆ!"

ಎಲ್ರೂ ನಕ್ರು, ಅಂಗಡಿಯವ್ನೂ ಜಾಲರಿ ಹಿಡ್ಕಂಡೇ ನಕ್ಕ. ಎಣ್ಣೇನಾಗೆ ಒಂದು ಬಾಣ್ಲಿ ಮೆಣಸಿನಕಾಯಿ ಕರ್ರಗಾದ್ವು, ಅದು ಬ್ಯಾರೆ ವಿಷಯ.

"ನಿನ್ ಮಗಂದು ಆತಾ?" ಹಾಲೇಶ ಕೇಳ್ದ.

"ಎಲ್ಲಾತು. ಅವ್ನ ಆಧಾರ್ ಫೋಟೋ ಎರಡ್ನೇ ಕ್ಲಾಸಿಂದು. ಹದಿನೈದು ತುಂಬಿದ್ಮೇಲೆ ಅಪ್‌ಡೇಟ್ ಮಾಡಿಸ್ಬೇಕಿತ್ತು, ನಾನೇ ಮರ್ತೆ. ಹೋದಲ್ಲೆಲ್ಲ ಮುಖ ಹೊಂದಲ್ಲ ಅಂತೈತೆ." ರುದ್ರಣ್ಣ ಕೈ ಒರೆಸ್ಕಂಡ. "ನಮ್ಮಪ್ಪನ ಮಿಲ್ಲು ಮುಚ್ಚಿದ ವರ್ಷ ನಾನು ಪಿಯುಸಿ ಕಣ್ರಪ್ಪ, ಅರ್ಜಿಗಿರ್ಜಿ ಗೊತ್ತೇ ಇರ್ಲಿಲ್ಲ, ಫೀಸ್ ಕಿಟಕಿ ಹತ್ರ ಸುಮ್ನೆ ನಿಂತಿದ್ದೆ. ಕ್ಲರ್ಕ್ ಕನ್ನಡಕ ಇಳಿಸಿ ನೋಡಿ, ನೀನು ಮಿಲ್ಲಿನ ಬಸಪ್ಪನ ಮಗ ಅಲ್ವೇನೋ, ಅಂತ ಫಾರಂ ತಾನೇ ಬರ್ಕಂಡ. ನಮ್ಮಪ್ಪನ ಮುಖ ನನ್ ಮುಖದಾಗಿತ್ತಲ್ಲ, ಅಷ್ಟೇ ಸಾಕಾತು."

ಯಾರೂ ಮಾತಾಡ್ಲಿಲ್ಲ.

"ಹೋಗಿ ಫೋಟೋ ಬದ್ಲಾಯಿಸ್ಕಂಡು ಬಾ ಮಾರಾಯ" ಅಂದ ಮಂಜ.

"ಟೋಕನ್ ತಗಂಡೀನಿ, ನಾಳೆ ಹತ್ತು ಗಂಟೆಗೆ. ಹಳೇ ಫೋಟೋದಾಗೆ ಮುಂದಿನ ಎರಡು ಹಲ್ಲಿಲ್ಲ ಕಣೋ ಅವ್ನಿಗೆ, ಅಪ್ಪಾಜಿ ಅಪ್ಪಾಜಿ ಅಂತ ಕಾಲಿಗೆ ಸುತ್ಕಂತಿದ್ದ. ಈಗ ಗಡ್ಡ ಬಿಟ್ಟಾನೆ, ಏನ್ ಕೇಳಿದ್ರೂ ಹೂಂ ಅಂತಾನೆ. ಆ ಹುಡುಗ ಸಿಗ್ತಿಲ್ಲ ಅಂತ ಫೋನ್ ಅಂದ್ರೆ ನಾನೇನಂತ ಜಗಳ ಆಡ್ಲಿ? ನಂಗೂ ಸಿಗ್ತಿಲ್ಲ."

"ಇನ್ನೆರಡು ಮಿರ್ಚಿ ಹಾಕಪ್ಪ" ಅಂದ ಹಾಲೇಶ, "ಕರ್ರಗಾಗಿದ್ದು ಬ್ಯಾಡ."