ಬೈಪಾಸ್ ಆದಮೇಲೆ ಗ್ರಾಫ್ಟ್ (ಹೃದಯಕ್ಕೆ ಜೋಡಿಸಿದ ಬದಲಿ ರಕ್ತನಾಳ) ಮುಚ್ಚುವುದನ್ನು ರಕ್ತಪರೀಕ್ಷೆ ಮೊದಲೇ ಹೇಳುತ್ತದೆಯೇ?

ಕಲ್ಲುಬೆಂಚು:
ಮೂರು ಗ್ರಾಫ್ಟ್. ಹೃದಯದ ಮುಂಭಾಗದ ಎಲ್‌ಎಡಿ ನಾಳಕ್ಕೆ ಎದೆಗೋಡೆಯ ಲಿಮಾ ನಾಳ, ಉಳಿದೆರಡಕ್ಕೆ ಕಾಲಿನ ರಕ್ತನಾಳ. ಆಪರೇಷನ್ ಆಗಿ ಹದಿನೈದು ದಿನ. ಲ್ಯಾಬಿನ ಹಾರ್ಟ್ ಪ್ಯಾಕೇಜಿನಲ್ಲಿ ಸಿಆರ್‌ಪಿ (ಉರಿಯೂತದ ಗುರುತು), ಡಿ-ಡೈಮರ್ (ಹೆಪ್ಪು ಕರಗಿದ್ದರ ಗುರುತು), ಹೋಮೋಸಿಸ್ಟೀನ್ (ಒಂದು ಅಮೈನೋ ಆಮ್ಲ), ಎಲ್‌ಪಿ-ಎ (ಕೊಲೆಸ್ಟರಾಲ್ ಹೊರುವ ಒಂದು ಕಣ), ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) ಇವೆ. ಗ್ರಾಫ್ಟ್ ಉಳಿಯುತ್ತದೋ ಇಲ್ಲವೋ ಎಂದು ಇದರಲ್ಲಿ ಯಾವುದು ಹೇಳುತ್ತದೆ?

ಸೀರಮ್:
ಒಂದೂ ಹೇಳುವುದಿಲ್ಲ. ಹದಿನೈದನೇ ದಿನಕ್ಕಂತೂ ದುಡ್ಡು ದಂಡ. ಎದೆ ತೆರೆದ ಗಾಯಕ್ಕೇ ಸಿಆರ್‌ಪಿ ಏರಿ ಎರಡು-ಮೂರನೇ ದಿನ ತುದಿ ಮುಟ್ಟುತ್ತದೆ. ಡಿ-ಡೈಮರ್ ವಾರಗಟ್ಟಲೆ ಇಳಿಯದು. ರಕ್ತ ಹಾಕಿದ್ದರೆ ದಾನಿಯ ಕೆಂಪುಕಣಗಳೂ ಬೆರೆತು ಎಚ್‌ಬಿಎ1ಸಿ ಲೆಕ್ಕ ತಪ್ಪುತ್ತದೆ, ಮೂರು ತಿಂಗಳು ಬಿಟ್ಟು ನೋಡಿ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ಕೂಡ ಈಗ ನಿಜಕ್ಕಿಂತ ಕಡಿಮೆ ಕಾಣುತ್ತದೆ. 6–8 ವಾರ ಕಳೆದು ಲಿಪಿಡ್ (ರಕ್ತದ ಕೊಬ್ಬಿನ) ಪರೀಕ್ಷೆ ಮಾಡಿಸಿ, ಜೊತೆಗೆ ಎಲ್‌ಪಿ-ಎ. ಅದು ವಂಶದಿಂದ ಬರುವಂಥದ್ದು, ಜನ್ಮಕ್ಕೊಂದು ಸಲ ನೋಡಿದರೆ ಸಾಕು, 50 ಮಿ.ಗ್ರಾಂ./ಡೆ.ಲೀ. ದಾಟಿದ್ದರೆ ಎಲ್‌ಡಿಎಲ್ ಮೇಲೆ ಹಿಡಿತ ಬಿಗಿಮಾಡಬೇಕು. ಹೋಮೋಸಿಸ್ಟೀನ್ ಬಿಟ್ಟುಬಿಡಿ. ಫೋಲಿಕ್ ಆಸಿಡ್ ನುಂಗಿದರೆ ಅಂಕಿ ಇಳಿಯುತ್ತದೆ, ಹೃದಯಾಘಾತ ಇಳಿಯುವುದಿಲ್ಲ.

ಹೊಲಿಗೆದಾರ:
ಗ್ರಾಫ್ಟ್ ಕೈಕೊಟ್ಟದ್ದನ್ನು ರಕ್ತ ಸೂಚಿಸುವುದಿದ್ದರೆ ಅದು ಮೊದಲ 48 ಗಂಟೆಯಲ್ಲಿ, ಹೃದಯದ ಸ್ನಾಯು ಘಾಸಿಯಾದಾಗ ರಕ್ತಕ್ಕೆ ಬರುವ ಟ್ರೋಪೋನಿನ್ ಎಂಬ ಪ್ರೋಟೀನಿನಿಂದ. ಅದೂ ಅರ್ಧ ಮಾತು. ಆಪರೇಷನ್‌ಗೆಂದು ಮಹಾಧಮನಿಗೆ ಕ್ಲ್ಯಾಂಪ್ ಹಾಕಿ ಹೃದಯ ನಿಲ್ಲಿಸಿದವರೆಲ್ಲರಲ್ಲೂ ಅದು ಏರಿಯೇ ಏರುತ್ತದೆ. ಬೈಪಾಸ್‌ಗೆ ಸಂಬಂಧಿಸಿದ ಹೃದಯಾಘಾತದ 2018ರ ವ್ಯಾಖ್ಯೆ ಸಾಮಾನ್ಯ ಮಿತಿಯ 10 ಪಟ್ಟಿನ ಜೊತೆಗೆ ಇಸಿಜಿ, ಎಕೋ ಅಥವಾ ಆಂಜಿಯೋಗ್ರಾಂನ ಸಾಕ್ಷಿಯನ್ನೂ ಕೇಳುತ್ತದೆ. 2022ರ ವಿಷನ್ ಅಧ್ಯಯನದಲ್ಲಿ ಬೈಪಾಸ್‌ನಂಥ ಆಪರೇಷನ್ ಆದವರ 30 ದಿನದೊಳಗಿನ ಸಾವಿನ ಅಪಾಯ ಸ್ಪಷ್ಟವಾಗಿ ಹೆಚ್ಚಿದ್ದು ಮೊದಲ ದಿನದ ಟ್ರೋಪೋನಿನ್-ಐ 5,670 ನ್ಯಾನೋಗ್ರಾಂ/ಲೀಟರ್ ಮೀರಿದಾಗ, ಅಂದರೆ ಮಿತಿಯ 218 ಪಟ್ಟು! ಹಾಗಾಗಿ ಒಂದು ಅಂಕಿಗೆ ಬೆಚ್ಚಬಾರದು, ಗತಿ ನೋಡಬೇಕು. ಇಳಿಯಬೇಕಾದ ಹೊತ್ತಿನಲ್ಲಿ ಇನ್ನೂ ಏರುತ್ತಿದ್ದು, ಎಕೋದಲ್ಲಿ ಹೃದಯದ ಗೋಡೆಯ ಒಂದು ಭಾಗ ಹೊಸದಾಗಿ ಸರಿಯಾಗಿ ಕುಗ್ಗದಂತಾಗಿದ್ದರೆ ತಡಮಾಡದೆ ಆಂಜಿಯೋಗ್ರಾಂ.

ಕಲ್ಲುಬೆಂಚು:
ಎಲ್‌ಡಿಎಲ್ ಚೆನ್ನಾಗಿ ಇಳಿಸಿದರೆ ಕಾಲಿನ ನಾಳ ಉಳಿಯುತ್ತದಲ್ಲವೇ?

ಸೀರಮ್:
ಯಾವ ಹಂತದ ಮಾತು? ಮೊದಲ ತಿಂಗಳು ಮುಚ್ಚುವುದು ಹೆಪ್ಪುಗಟ್ಟಿ, ವರ್ಷದೊಳಗೆ ಒಳಪದರ ದಪ್ಪಗಾಗಿ. ಕೊಬ್ಬಿನ ಪಾಳಿ ಆಮೇಲಿನದು. ಎಲ್‌ಡಿಎಲ್ ಇಳಿಸುವ ಚುಚ್ಚುಮದ್ದು ಎವೊಲೊಕುಮಾಬ್ ಕೊಟ್ಟ ನ್ಯೂಟನ್-ಸಿಎಬಿಜಿ ಪ್ರಯೋಗದಲ್ಲಿ ಎಲ್‌ಡಿಎಲ್ ಅರ್ಧದಷ್ಟು ಇಳಿದರೂ 24 ತಿಂಗಳಿಗೆ ಗ್ರಾಫ್ಟುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗೆಂದು ಸ್ಟಾಟಿನ್ (ಕೊಲೆಸ್ಟರಾಲ್ ಇಳಿಸುವ ಮಾತ್ರೆ) ಬಿಡಬೇಡಿ. ಉಳಿದ ರಕ್ತನಾಳಗಳಿಗೂ, ಮುಂದಿನ ವರ್ಷಗಳಿಗೂ ಅದು ಬೇಕು.

ಹೊಲಿಗೆದಾರ:
ಆರಂಭದಲ್ಲಿ ಮುಖ್ಯವಾದದ್ದು ನಾಳ ತೆಗೆಯುವಾಗ ಹಿಗ್ಗಿಸಿ ಹಾಳುಮಾಡದಿರುವುದು, ಗ್ರಾಫ್ಟ್ ಸೇರುವ ಕೊರೋನರಿಯ (ಹೃದಯಕ್ಕೆ ರಕ್ತ ಒಯ್ಯುವ ನಾಳದ) ಅಗಲ, ಮತ್ತು ತಪ್ಪದ ಆಸ್ಪಿರಿನ್. ಹಲ್ಲು ಕೀಳಿಸಬೇಕೆಂದು ಅದನ್ನು ನಿಲ್ಲಿಸುವವರಿದ್ದಾರೆ. ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಎದೆನೋವು ಮರಳಿದರೆ ಪ್ಯಾಕೇಜ್ ಬೇಡ, ನೇರ ಆಸ್ಪತ್ರೆಗೆ. ಗ್ರಾಫ್ಟ್ ತೆರೆದಿದೆಯೋ ಇಲ್ಲವೋ ಕಣ್ಣಾರೆ ತೋರಿಸುವುದು ಸಿಟಿ ಆಂಜಿಯೋ ಅಥವಾ ಕ್ಯಾತ್‌ಲ್ಯಾಬ್‌ನಲ್ಲಿ ಮಾಡುವ ಆಂಜಿಯೋಗ್ರಾಂ.