ಸಾಹಿತ್ಯ ಚರಿತ್ರೆಯಲ್ಲಿ ಲೇಖಕಿಯರಿಗೆ ಬೇರೆ ಅಧ್ಯಾಯವೇಕೆ?

ಮಲೆನಾಡಿನ ಓದುಗಿ:
ಸ್ನಾತಕೋತ್ತರ ತರಗತಿಗಳಿಗೆಂದು ಬರೆದ ಸಾಹಿತ್ಯ ಚರಿತ್ರೆಗಳಲ್ಲಿ ನಾನು ಓದಿದವೆಲ್ಲ ಒಂದೇ ಕ್ರಮವನ್ನು ಹಿಡಿದಿವೆ. ನವೋದಯ, ಪ್ರಗತಿಶೀಲ, ನವ್ಯ, ದಲಿತ-ಬಂಡಾಯ ಎಲ್ಲವೂ ಮುಗಿದ ಮೇಲೆ ಕೊನೆಗೆ 'ಮಹಿಳಾ ಸಾಹಿತ್ಯ' ಎಂಬ ಅಧ್ಯಾಯ ಬರುತ್ತದೆ. ನಂಜನಗೂಡು ತಿರುಮಲಾಂಬಾ, ಕೊಡಗಿನ ಗೌರಮ್ಮ, ತ್ರಿವೇಣಿ, ಎಂ.ಕೆ. ಇಂದಿರಾ, ವೈದೇಹಿ ಎಲ್ಲರನ್ನೂ ಕಾಲ, ಧೋರಣೆ, ಶೈಲಿ ಯಾವುದನ್ನೂ ಲೆಕ್ಕಿಸದೆ ಅಲ್ಲಿ ಒಟ್ಟಿಗೆ ಕೂರಿಸಲಾಗುತ್ತದೆ. ಹೆರಿಗೆಯ ನಂತರ ಮನಸ್ಸಿನ ಸಮತೋಲ ಕಳೆದುಕೊಂಡು, ಗುಣವಾಗಿ ಮನೆಗೆ ಮರಳಿದ ಹೆಂಗಸನ್ನು ಯಾರೂ ಮತ್ತೆ ಸ್ವಸ್ಥಳೆಂದು ಒಪ್ಪದ ಕಥೆಯನ್ನು ತ್ರಿವೇಣಿ 'ಶರಪಂಜರ'ದಲ್ಲಿ ಬರೆದರು. ಅವರು ತೀರಿಕೊಂಡದ್ದು 1963ರಲ್ಲಿ. ವ್ಯಕ್ತಿಯ ಅಂತರಂಗವನ್ನು ಶೋಧಿಸಿದ ಬರಹವೇ ನವ್ಯ ಎಂದು ವಿವರಿಸುವ ಅಧ್ಯಾಯದಲ್ಲಿ ಅವರ ಹೆಸರನ್ನು ನಾನು ಕಂಡಿಲ್ಲ.

ಸಾರ್ವಜನಿಕ ಮನ್ನಣೆಯ ಕಥೆಯೂ ಇಷ್ಟೇ. ಕನ್ನಡದ ಎಂಟು ಜ್ಞಾನಪೀಠಗಳೂ ಪುರುಷರಿಗೇ ಸಂದಿವೆ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಕನ್ನಡಕ್ಕೆ ಮೊದಲು ಬಂದದ್ದು 1955ರಲ್ಲಿ, ಲೇಖಕಿಯೊಬ್ಬರಿಗೆ ಬಂದದ್ದು 2004ರಲ್ಲಿ, ಗೀತಾ ನಾಗಭೂಷಣ ಅವರ 'ಬದುಕು' ಕಾದಂಬರಿಗೆ. 1915ರಲ್ಲಿ ಆರಂಭವಾದ ಸಾಹಿತ್ಯ ಸಮ್ಮೇಳನಕ್ಕೆ ಮಹಿಳೆಯೊಬ್ಬರು, ಜಯದೇವಿತಾಯಿ ಲಿಗಾಡೆ, ಅಧ್ಯಕ್ಷರಾಗಲು 1974ರವರೆಗೆ ಕಾಯಬೇಕಾಯಿತು. 2024ರ ಮಂಡ್ಯದವರೆಗಿನ 87 ಸಮ್ಮೇಳನಗಳಲ್ಲಿ ಆ ಪೀಠವೇರಿದ ಮಹಿಳೆಯರು ನಾಲ್ವರು ಮಾತ್ರ. ಪ್ರತಿ ಮಾರ್ಚಿನಲ್ಲಿ ಸಂಚಿಯ ಹೊನ್ನಮ್ಮನ ನಾಲ್ಕು ಸಾಲುಗಳನ್ನು ವೇದಿಕೆಯಲ್ಲಿ ಹಾಡಿಸಿ, ಉಳಿದ ಹನ್ನೊಂದು ತಿಂಗಳು ಅವಳ ಸಂತತಿಯನ್ನು ಕೊನೆಯ ಅಧ್ಯಾಯಕ್ಕೆ ತಳ್ಳುವುದು ನ್ಯಾಯವೇ?

ಹಳಗನ್ನಡ ಮೇಷ್ಟ್ರು:
ತಾಯಿ, ತಾವು ಹೇಳಿದ 'ನಾಲ್ಕು ಸಾಲು'ಗಳ ಬಗ್ಗೆ ನನಗೆ ತೀವ್ರ ಆಕ್ಷೇಪವಿದೆ. 'ಪೆಣ್ಣು ಪೆಣ್ಣೆಂದೇತಕೆ ಬೀಳುಗಳೆವರು ಕಣ್ಣು ಕಾಣದ ಗಾವಿಲರು' ಎಂದು ಹಾಡುವವರಲ್ಲಿ ಎಷ್ಟು ಮಂದಿ 'ಹದಿಬದೆಯ ಧರ್ಮ'ವನ್ನು ಆದ್ಯಂತವಾಗಿ ಓದಿದ್ದಾರೆ? ಅದು ಪತಿವ್ರತೆಯ ನಡೆನುಡಿಯನ್ನು ಬೋಧಿಸುವ ಸಾಂಗತ್ಯ ಕಾವ್ಯ. ಗಂಡನೇ ದೈವವೆಂಬುದು ಅದರ ಆಧಾರಶ್ರುತಿ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಬದುಕಿದ್ದ ಕವಯಿತ್ರಿಯ ಮಾತಿನಿಂದ ನಾಲ್ಕು ಸಾಲು ಕತ್ತರಿಸಿ, ಇಂದಿನ ಭಾಷಣಕ್ಕೆ ಒದಗಿಸಿಕೊಳ್ಳುವುದು ಆಕೆಗೆ ಮಾಡುವ ಗೌರವವಲ್ಲ. ಲೇಖಕಿಯರನ್ನು ಚರಿತ್ರೆ ಮರೆತಿದೆ ಎನ್ನುವವರು ಮೊದಲು ಅವರು ಬರೆದುದನ್ನು ಪೂರ್ತಿಯಾಗಿ ಓದಲಿ.

ಹೇಮಾವತಿ:
'ಗಂಡನೇ ದೈವ' ಎಂಬುದನ್ನಷ್ಟೇ ಎತ್ತಿ ಹಿಡಿದರೆ ಅದೂ ಕತ್ತರಿಸಿ ಓದಿದಂತೆಯೇ, ಮೇಷ್ಟ್ರೇ. ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದವಳು. ಅರಮನೆಯ ಆಶ್ರಯದಲ್ಲಿ ಊಳಿಗದ ಹೆಣ್ಣು ಬರೆಯಬಹುದಾಗಿದ್ದ ವಸ್ತು ಯಾವುದು ಎಂಬುದನ್ನು ಯೋಚಿಸಬೇಕು. ಆ ಚೌಕಟ್ಟಿನ ಒಳಗೇ ನಿಂತು, ಮಗ ಹುಟ್ಟಿದರೆ ಹೆಚ್ಚೇನು, ಮಗಳು ಹುಟ್ಟಿದರೆ ಕುಂದೇನು ಎಂದು ಕೇಳುವ ಪದ್ಯವನ್ನೂ ಅವಳು ಬರೆದಿದ್ದಾಳೆ. ಹೆಣ್ಣುಮಕ್ಕಳನ್ನು ಪಡೆದ ತಂದೆತಾಯಿಗಳಿಗೆ ಆ ಕಾಲದಲ್ಲಿ ಅಷ್ಟು ಸ್ಪಷ್ಟವಾಗಿ ಹೇಳಿದವರು ಬೇರೆ ಯಾರಿದ್ದರು? ಬೋಧನೆಯ ನಡುವೆ ಸಿಡಿದ ಈ ಮಾತುಗಳೇ ಅವಳ ಸ್ವಂತ ದನಿ.

ನೇರನುಡಿ:
ಪ್ರಶಸ್ತಿಗಳ ಲೆಕ್ಕಕ್ಕೆ ಬರೋಣ. 2004ರವರೆಗೆ ಕೊಡಲಿಲ್ಲ ಎಂಬುದನ್ನು ಪಿತೂರಿಯೆಂಬಂತೆ ಹೇಳುವುದು ಸರಿಯಲ್ಲ. ವೈದೇಹಿಯವರಿಗೆ 2009ರಲ್ಲಿ, ವಿಜಯಾ ಅವರಿಗೆ 2019ರಲ್ಲಿ ಅದೇ ಅಕಾಡೆಮಿ ಪ್ರಶಸ್ತಿ ಬಂದಿದೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದ ಮೂಲಕ, ಅಂತಾರಾಷ್ಟ್ರೀಯ ಬೂಕರ್ ಬಂದಿತು. ಕನ್ನಡದ ಯಾವ ಪುರುಷ ಲೇಖಕನಿಗೂ ಅದು ಸಿಕ್ಕಿಲ್ಲ. ಹತ್ತನೆಯ ಶತಮಾನದಲ್ಲೇ ಅತ್ತಿಮಬ್ಬೆಯನ್ನು ದಾನಚಿಂತಾಮಣಿ ಎಂದು ಕೊಂಡಾಡಿದ ನಾಡು ನಮ್ಮದು, ಹನ್ನೆರಡನೆಯ ಶತಮಾನದಲ್ಲಿ ಅಕ್ಕನನ್ನು ಅನುಭವಿಗಳ ನಡುವೆ ಕೂರಿಸಿದ ನಾಡು ನಮ್ಮದು. ಸಾಹಿತ್ಯದಲ್ಲಿ ನಿಲ್ಲುವುದು ಗುಣ. ಬರೆದವರು ಗಂಡೋ ಹೆಣ್ಣೋ ಎಂದು ಎಣಿಸಲು ಹೊರಟರೆ ಓದುವುದು ಯಾವಾಗ?

ಮಲೆನಾಡಿನ ಓದುಗಿ:
ಅತ್ತಿಮಬ್ಬೆಯನ್ನು ಇಲ್ಲಿ ಸಾಕ್ಷಿಗೆ ಕರೆಯುವುದು ಸಲ್ಲದು. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಆ ಮಹಾತಾಯಿಯ ಬಗ್ಗೆ ನನಗೂ ಅಪಾರ ಗೌರವವಿದೆ. ಆದರೆ ಅವಳ ವಿಷಯ ನಮಗೆ ತಿಳಿದಿರುವುದು ರನ್ನ 993ರಲ್ಲಿ ಮುಗಿಸಿದ 'ಅಜಿತಪುರಾಣ'ದಿಂದ ಮತ್ತು ಲಕ್ಕುಂಡಿಯ 1007ರ ಶಾಸನದಿಂದ. ಪುರುಷ ಕವಿಗಳ ಕೃತಿಗಳನ್ನು ಉಳಿಸಿದ ಹೆಣ್ಣಿನ ಸ್ವಂತ ಮಾತು ಒಂದು ಸಾಲೂ ನಮಗೆ ಉಳಿದುಬಂದಿಲ್ಲ. ನನ್ನ ಪ್ರಶ್ನೆ ಇರುವುದೇ ಇದರ ಬಗ್ಗೆ: ಹೆಣ್ಣನ್ನು ಹೊಗಳಿದ ದಾಖಲೆಗಳು ನಮ್ಮಲ್ಲಿ ಧಾರಾಳವಾಗಿವೆ, ಹೆಣ್ಣು ಬರೆದ ದಾಖಲೆಗಳನ್ನು ಹಾಗೆ ಜೋಪಾನ ಮಾಡಲಿಲ್ಲ.

ಹಳಗನ್ನಡ ಮೇಷ್ಟ್ರು:
ಹೇಮಾವತಿಯವರು 'ಊಳಿಗದ ಹೆಣ್ಣು' ಎಂದು ಬರೆದಿದ್ದಾರೆ. ಹೊನ್ನಮ್ಮನನ್ನು ಕುಗ್ಗಿಸುತ್ತಿರುವುದು ಈ ಮಾತೇ ಹೊರತು ನನ್ನ ಆಕ್ಷೇಪವಲ್ಲ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ನಾಟಕ 'ಮಿತ್ರವಿಂದಾ ಗೋವಿಂದ'ವನ್ನು ಬರೆದ ಸಿಂಗರಾರ್ಯನೇ ಆಕೆಯ ಗುರು. ಆತನೇ ಆಕೆಯನ್ನು 'ಸರಸ ಸಾಹಿತ್ಯದ ವರದೇವತೆ' ಎಂದು ಹೊಗಳಿದ್ದಾನೆ. ಅಂಥ ವಿದುಷಿ ಏನನ್ನು ಬರೆದಳೋ ಅದನ್ನು ಅರಿತು, ನಂಬಿಯೇ ಬರೆದಳು. ನಮಗೆ ಹಿತವಾದ ಸಾಲುಗಳನ್ನು ಅವಳ 'ಸ್ವಂತ ದನಿ' ಎಂದೂ ಹಿತವಲ್ಲದವನ್ನು ಅರಮನೆಯ ಒತ್ತಡ ಎಂದೂ ವಿಂಗಡಿಸುವ ಅಧಿಕಾರ ಯಾರು ಕೊಟ್ಟರು? ಅದೇ ಕಾಲದ ಶೃಂಗಾರಮ್ಮ 'ಪದ್ಮಿನೀ ಕಲ್ಯಾಣ'ವನ್ನು ಬರೆದಳು. ಮುಂದಿನ ಶತಮಾನದಲ್ಲಿ ರಾಣಿ ಚೆಲುವಾಂಬೆ 'ವರನಂದಿ ಕಲ್ಯಾಣ'ವನ್ನು ಬರೆದಳು. ಇವರಿಬ್ಬರ ಹೆಸರನ್ನು ಯಾವ ಮಹಿಳಾ ದಿನಾಚರಣೆಯಲ್ಲೂ ನಾನು ಕೇಳಿಲ್ಲ, ಏಕೆಂದರೆ ಅವರಲ್ಲಿ ಘೋಷಣೆಗೆ ಒದಗುವ ಸಾಲುಗಳಿಲ್ಲ.

ಹೇಮಾವತಿ:
ನಾನು ಕುಗ್ಗಿಸಿದೆ ಎಂಬ ಮಾತನ್ನು ದಯವಿಟ್ಟು ಹಿಂತೆಗೆದುಕೊಳ್ಳಿ. ಊಳಿಗ ಮಾಡಿದವಳನ್ನು ಊಳಿಗದವಳು ಎಂದರೆ ಅವಮಾನ ಹೇಗಾಗುತ್ತದೆ? ಊಳಿಗವೇ ಅವಮಾನಕರವೆಂದು ಭಾವಿಸಿದವರಿಗೆ ಮಾತ್ರ ಹಾಗೆ ತೋರೀತು. ಅವಳ ಹೆಸರಿನ ಹಿಂದೆಯೇ ಸಂಚಿ ಇದೆ, ಅದನ್ನು ನಾನು ಅಂಟಿಸಲಿಲ್ಲ. ಗುರುವಿನ ಹೊಗಳಿಕೆಯನ್ನು ಅವಳ ಯೋಗ್ಯತೆಗೆ ಪ್ರಮಾಣಪತ್ರವಾಗಿ ತಂದಿರುವವರು ನೀವು. ನೀವು ಕಲಿಸಿದ ವಿದ್ಯಾರ್ಥಿನಿಯರು ಇದನ್ನು ಓದುತ್ತಿದ್ದರೆ ಅವರಿಗೆ ಏನನ್ನಿಸೀತು ಎಂಬುದನ್ನಾದರೂ ಯೋಚಿಸಿ.

ಗ್ರಂಥಪಾಲಕಿ:
ಹೊನ್ನಮ್ಮನಿಗೆ ಅಚ್ಚಾದ ಪುಸ್ತಕವಾದರೂ ಇದೆ. ಹತ್ತಿರದ ಕಾಲದವರ ಗತಿಯನ್ನು ನೋಡಿ. ಕೊಡಗಿನ ಗೌರಮ್ಮ 1939ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಹೊಳೆಯಲ್ಲಿ ಮುಳುಗಿ ತೀರಿಕೊಂಡರು. ಅವರು ಕಥೆಗಳಿಗೆ ಹಾಕುತ್ತಿದ್ದ ಹೆಸರು 'ಮಿಸೆಸ್ ಬಿ.ಟಿ.ಜಿ. ಕೃಷ್ಣ'. ಹಳೆಯ ಪತ್ರಿಕೆಗಳ ಸೂಚಿಯನ್ನು ಮಾಡಿದವರು ಆ ಕಥೆಗಳನ್ನು 'ಕೃಷ್ಣ, ಬಿ.ಟಿ.ಜಿ.' ಎಂಬ ಚೀಟಿಯಲ್ಲಿ ಸೇರಿಸಿದರೆ, 'ಗೌರಮ್ಮ' ಎಂದು ಹುಡುಕುವ ಸಂಶೋಧಕಿಗೆ ಅವು ಸಿಗುವುದೇ ಇಲ್ಲ. ನಾನು ಕೆಲಸ ಮಾಡುವ ಗ್ರಂಥಾಲಯದಲ್ಲಿ ಇಂತಹ ಚೀಟಿಗಳನ್ನು ಕಣ್ಣಾರೆ ಕಂಡಿದ್ದೇನೆ: ಮೂಲೆಯಲ್ಲಿ ಗಂಡನ ಇನಿಷಿಯಲ್ಲು, ಮುಂದೆ 'ಶ್ರೀಮತಿ', ಸ್ವಂತ ಹೆಸರಿನ ಜಾಗದಲ್ಲಿ ಖಾಲಿ ಗೆರೆ. ಆರ್. ಕಲ್ಯಾಣಮ್ಮನವರು 1921ರಲ್ಲಿ ಆರಂಭಿಸಿ ನಾಲ್ಕು ದಶಕ ನಡೆಸಿದ 'ಸರಸ್ವತಿ' ಮಾಸಪತ್ರಿಕೆಯ ಬಿಡಿ ಸಂಚಿಕೆಗಳು ನಮ್ಮಲ್ಲಿವೆ. ರಟ್ಟು ಕಟ್ಟುವಾಗ ಅಂಚು ಕತ್ತರಿಸಿ, ಅನೇಕ ಪುಟಗಳಲ್ಲಿ ಲೇಖಕಿಯ ಹೆಸರೇ ಹಾರಿಹೋಗಿದೆ.

ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮ 1910ರಲ್ಲಿ ತೆಲುಗು ಕವಯಿತ್ರಿ ಮುದ್ದುಪಳನಿಯ 'ರಾಧಿಕಾ ಸಾಂತ್ವನಮು' ಕಾವ್ಯವನ್ನು ಮತ್ತೆ ಅಚ್ಚು ಹಾಕಿಸಿದ್ದೂ ಇಂಥ ಅಳಿಸುವಿಕೆಯ ವಿರುದ್ಧವೇ. ಹಿಂದಿನ ಮುದ್ರಣದಲ್ಲಿ ಕವಯಿತ್ರಿ ತನ್ನ ಪರಿಚಯ ಹೇಳಿಕೊಂಡ ಪೀಠಿಕೆಯನ್ನೇ ಬಿಡಲಾಗಿತ್ತು. ನಾಗರತ್ನಮ್ಮನ ಮುದ್ರಣವನ್ನು ಬ್ರಿಟಿಷ್ ಸರ್ಕಾರ ನಿಷೇಧಿಸಿತು. ನಿಷೇಧ ತೆರವಾದದ್ದು 1947ರಲ್ಲಿ.

ನೇರನುಡಿ:
ಮುದ್ದುಪಳನಿ ತೆಲುಗಿನವಳು, ಆ ಪ್ರಕರಣ ಇಲ್ಲಿಗೆ ಸಂಬಂಧಿಸಿದ್ದಲ್ಲ. 'ಮಿಸೆಸ್' ಎಂಬ ಹೆಸರನ್ನು ಗೌರಮ್ಮನವರ ಮೇಲೆ ಯಾರೂ ಹೇರಿರಲಿಲ್ಲ, ಅವರೇ ಬಳಸಿದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಉಪವಾಸ ಕೂತು, ಅವರನ್ನು ತಮ್ಮ ಮನೆಗೆ ಕರೆಸಿ, ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟ ದಿಟ್ಟೆಯನ್ನು ಹೆಸರು ಕಳೆದುಕೊಂಡ ಅಬಲೆಯಂತೆ ಚಿತ್ರಿಸುವುದು ಅವರಿಗೆ ಮಾಡುವ ಅನ್ಯಾಯ. ಪುಟ್ಟಪ್ಪನವರು ಕುವೆಂಪು ಆದರು, ಅನಸೂಯಾ ಶಂಕರ್ ತ್ರಿವೇಣಿ ಆದರು. ಕಾವ್ಯನಾಮ ಕನ್ನಡದ ಹಳೆಯ ಪದ್ಧತಿ.

ಗ್ರಂಥಪಾಲಕಿ:
ಕುವೆಂಪು ಎಂಬುದು ಅವರ ಹೆಸರಿನ ಅಕ್ಷರಗಳಿಂದಲೇ ಹುಟ್ಟಿದ ಕಾವ್ಯನಾಮ, ಅವರ ಹೆಂಡತಿಯ ಹೆಸರಿನಿಂದ ಹುಟ್ಟಿದ್ದಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ವಚನಕಾರ್ತಿಯರಲ್ಲೂ ಆಯ್ದಕ್ಕಿ ಲಕ್ಕಮ್ಮನ ಅಂಕಿತ, ಅಂದರೆ ವಚನದ ಕೊನೆಗೆ ಬರುವ ಗುರುತಿನ ಹೆಸರು, 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಅದರಲ್ಲಿ ಗಂಡನ ಹೆಸರು ಬಂದಿದೆ. ಗಂಡ ಆಯ್ದಕ್ಕಿ ಮಾರಯ್ಯನ ಅಂಕಿತ 'ಅಮರೇಶ್ವರಲಿಂಗ' ಎಂದಷ್ಟೇ ಇದೆ.

ಹಳಗನ್ನಡ ಮೇಷ್ಟ್ರು:
ಲಕ್ಕಮ್ಮನ ಅಂಕಿತವನ್ನು ನೋಡಿದವರು ವಚನವನ್ನೂ ನೋಡಬೇಕು. ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ 'ಈಸಕ್ಕಿಯಾಸೆ ನಿಮಗೇಕೆ' ಎಂದು ಗದರಿ, ತಂದಲ್ಲಿಗೇ ಸುರಿದು ಬರಲು ಕಳಿಸಿದವಳು ಅವಳು. ಅಂಕಿತದಲ್ಲಿ ಗಂಡನ ಹೆಸರಿದ್ದ ಮಾತ್ರಕ್ಕೆ ಅವಳು ಅಧೀನಳಾಗಲಿಲ್ಲ. ನಾನು ಮೊದಲಿನಿಂದ ಹೇಳುತ್ತಿರುವುದೂ ಇದನ್ನೇ: ಚೀಟಿ, ಅಂಕಿತ, ಬಿಡಿ ಸಾಲುಗಳಿಂದ ತೀರ್ಮಾನಕ್ಕೆ ಬರಬೇಡಿ. 'ಹದಿಬದೆಯ ಧರ್ಮ'ವನ್ನು ಮೊದಲ ಪದ್ಯದಿಂದ ಕೊನೆಯ ಪದ್ಯದವರೆಗೆ ಓದಿ, ಆಮೇಲೆ ಹೊನ್ನಮ್ಮ ಯಾರ ಪರ ಎಂದು ಹೇಳಿ.

ಹೇಮಾವತಿ:
ನಾನು ಓದಿಲ್ಲ ಎಂದು ನಿಮಗೆ ಯಾರು ಹೇಳಿದರು? ಲಕ್ಕಮ್ಮನ ವಚನದಲ್ಲಿ ಅಂಕಿತವನ್ನು ಮೀರಿದ ದನಿಯಿದೆ ಎಂದು ಒಪ್ಪುವ ನೀವು, ಹೊನ್ನಮ್ಮನಲ್ಲಿ ಬೋಧನೆಯನ್ನು ಮೀರಿದ ದನಿಯಿದೆ ಎಂದರೆ ಅಧಿಕಾರ ಯಾರು ಕೊಟ್ಟರು ಎಂದು ಕೇಳುತ್ತೀರಿ. ನಿಮ್ಮ ಮೆಚ್ಚಿನ ಶರಣೆಗೆ ಒಂದು ಅಳತೆ, ನನ್ನ ಕವಯಿತ್ರಿಗೆ ಇನ್ನೊಂದು ಅಳತೆ ಏಕೆ?

ಬಯಲುಸೀಮೆಯವನು:
ಗೌರಮ್ಮನವರ ಚೀಟಿಯ ಮಾತು ಓದಿ ನಮ್ಮೂರಿನ ಪಂಚಾಯಿತಿ ನೆನಪಾಯಿತು. 1983ರ ಕಾಯ್ದೆಯಲ್ಲಿ ಕರ್ನಾಟಕ ಮಹಿಳೆಯರಿಗೆ ಶೇಕಡ 25ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತು; ಈಗ ಅದು ಶೇಕಡ 50. ನಮ್ಮ ಪಂಚಾಯಿತಿಯ ಫಲಕದಲ್ಲಿ ಅಧ್ಯಕ್ಷೆಯ ಹೆಸರಿದೆ, ಅದರ ಮುಂದೆ ಬರೆದ ಮೊಬೈಲ್ ನಂಬರ್ ಅವರ ಗಂಡನದು. ಕರೆ ಮಾಡಿದರೆ 'ಅಧ್ಯಕ್ಷರು ಮಾತಾಡ್ತಿದ್ದೀನಿ' ಎನ್ನುವ ದನಿಯೂ ಅವರದೇ. ವಿಧಾನಸಭೆಯ ಸ್ಪೀಕರ್ ಪೀಠದಲ್ಲಿ ಕೆ.ಎಸ್. ನಾಗರತ್ನಮ್ಮನವರು 1972ರಿಂದ 1978ರವರೆಗೆ ಕೂತದ್ದನ್ನು ಬಿಟ್ಟರೆ ಮತ್ತೊಬ್ಬ ಮಹಿಳೆ ಅಲ್ಲಿ ಕೂತಿಲ್ಲ. ಕಾಗದದ ಮೇಲಿನ ಹೆಸರಿಗೂ ಮಾತನಾಡುವ ದನಿಗೂ ನಡುವಿನ ಅಂತರ ಸಾಹಿತ್ಯಕ್ಕೆ ಮಾತ್ರ ಸೀಮಿತವಲ್ಲ.

ಹಳಗನ್ನಡ ಮೇಷ್ಟ್ರು:
ಪಂಚಾಯಿತಿಯ ವಿಷಯವನ್ನು ಬೇರೆ ಕಡೆ ಚರ್ಚಿಸಬಹುದು. ಹೇಮಾವತಿಯವರೇ, ಅಳತೆ ಒಂದೇ. ಲಕ್ಕಮ್ಮ ಗಂಡನನ್ನು ತಿದ್ದಿದಳು, ಹೊನ್ನಮ್ಮ ಹೆಂಡತಿಯರನ್ನು ತಿದ್ದಲು ಹೊರಟಳು. ಎರಡೂ ಕೃತಿಗಳಲ್ಲಿ ಇರುವುದನ್ನೇ ನಾನು ಹೇಳಿದ್ದೇನೆ.

ನೇರನುಡಿ:
ನನ್ನ ನಿಲುವು ಬದಲಾಗಿಲ್ಲ. ತ್ರಿವೇಣಿಯವರನ್ನು ನವ್ಯದಲ್ಲಿ ಸೇರಿಸಲಿಲ್ಲ ಎಂಬ ದೂರಿಗೆ ಕಾರಣ ಸರಳವಾಗಿದೆ. ಅವರದು ಜನಪ್ರಿಯ ಕಾದಂಬರಿ. ಮನೆಮನೆಗಳಲ್ಲಿ, ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಓಡಾಡಿದ ಕೃತಿಗಳನ್ನು ಸಾಹಿತ್ಯ ಚರಿತ್ರೆ ಬೇರೆಯಾಗಿಯೇ ಪರಿಗಣಿಸುತ್ತದೆ. ಇದರಲ್ಲಿ ಹೆಣ್ಣು ಗಂಡಿನ ಪ್ರಶ್ನೆ ಬರುವುದಿಲ್ಲ.

ಮಲೆನಾಡಿನ ಓದುಗಿ:
ಬರುತ್ತದೆ. ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಅ.ನ. ಕೃಷ್ಣರಾಯರಷ್ಟು ಮನೆಮನೆಗೆ ತಲುಪಿದವರು, ಬಾಡಿಗೆ ಪುಸ್ತಕದ ಅಂಗಡಿಗಳನ್ನು ಸಾಕಿದವರು ಬೇರೆ ಯಾರಿದ್ದಾರೆ? ಆದರೂ ಅವರು ಪ್ರಗತಿಶೀಲ ಅಧ್ಯಾಯದ ಮೊದಲ ಪುಟದಲ್ಲೇ ಇದ್ದಾರೆ, ಇರಲೂ ಬೇಕು. ಜನಪ್ರಿಯತೆ ಅವರಿಗೆ ಅಡ್ಡಿಯಾಗಲಿಲ್ಲ. ತ್ರಿವೇಣಿಗೆ ಮಾತ್ರ ಏಕೆ ಅಡ್ಡಿಯಾಯಿತು ಎಂಬುದಕ್ಕೆ 'ಗುಣ' ಎಂದು ಉತ್ತರಿಸುವ ಮೊದಲು 'ಶರಪಂಜರ'ದ ಯಾವ ಭಾಗದಲ್ಲಿ ಗುಣ ಕಡಿಮೆಯಾಗಿದೆ ಎಂದು ತೋರಿಸಿ.