ಓದುಗರ ಸ್ಪಂದನ: ‘ಹೈ’ ಅಂದವರು ಒಪ್ಪಿದ್ದರಾ?

ಕಳೆದ ವಾರದ ಸಮಸ್ಯೆ: ಜಪಾನಿನ ಗ್ರಾಹಕರು ಮೀಟಿಂಗ್‌ನಲ್ಲಿ ಎಲ್ಲದಕ್ಕೂ ‘ಹೈ, ಹೈ’ (ಜಪಾನಿ ಭಾಷೆಯಲ್ಲಿ ‘ಹೌದು’) ಎಂದರು. ದರ ಒಪ್ಪಿದರು ಅಂತ ಬಾಸ್‌ಗೆ ಹೇಳಿಬಿಟ್ಟೆ. ಮೂರು ವಾರವಾಯಿತು, ಆರ್ಡರ್ ಇಲ್ಲ. ಏನು ಮಾಡಲಿ?

ಮಕ್ಕಳಿಗೆ ಕಥೆ ಹೇಳಿದ್ದೀರಾ? ಪ್ರತಿ ಮಾತಿಗೂ ‘ಹೂಂ’ ಅನ್ನುತ್ತವೆ. ಒಪ್ಪಿದೆ ಅಂತಲ್ಲ, ಕೇಳ್ತಾ ಇದ್ದೀನಿ, ಮುಂದೆ ಹೇಳು ಅಂತ. ಜಪಾನಿನವರ ‘ಹೈ’ ಕೂಡ ಎಷ್ಟೋ ಸಲ ಹೀಗೆ ಹೂಂಗುಟ್ಟುವುದೇ. ಗಮನಿಸಬೇಕಾದ ಮಾತು ಬೇರೆ. ‘ಪರಿಶೀಲಿಸುತ್ತೇವೆ’ ಅಂದರಾ? ‘ಸ್ವಲ್ಪ ಕಷ್ಟ’ ಅಂದರಾ? ಹಾಗಿದ್ದರೆ ಹೆಚ್ಚಾಗಿ ಅದು ‘ಬೇಡ’ ಅಂತಲೇ. ನಮ್ಮ ‘ನೋಡೋಣ’ ಇಲ್ವಾ, ಹಾಗೆ.

ಅಲ್ಲಿ ಮೀಟಿಂಗ್‌ನಲ್ಲೇ ತೀರ್ಮಾನ ಆಗೋದು ಕಡಿಮೆ. ಮೊದಲೇ ಒಬ್ಬೊಬ್ಬರನ್ನೂ ಕಂಡು ಮಾತಾಡಿರುತ್ತಾರೆ. ಅದಕ್ಕೆ ‘ನೆಮಾವಾಶಿ’ ಅಂತ ಹೆಸರು. ಮರವನ್ನು ಬೇರೆ ಕಡೆ ನೆಡುವ ಮೊದಲು ಬೇರಿನ ಸುತ್ತ ಅಗೆದು ಹದ ಮಾಡುವ ಕೆಲಸದಿಂದ ಬಂದ ಮಾತು. ನೀವು ಬೇರು ಬಿಡಿಸದೆ ಮರಕ್ಕೇ ಕೈ ಹಾಕಿದ್ದೀರಿ. ದಿನಾ ನಿಮಗೆ ಇಮೇಲ್ ಕಳಿಸುವ ಕಿರಿಯರೊಬ್ಬರು ಅಲ್ಲಿ ಇರುತ್ತಾರಲ್ಲ, ಅವರಿಗೆ ಫೋನ್ ಮಾಡಿ. ‘ದರ ಒಪ್ಪಿಗೆಯಾ?’ ಅಂತ ಕೇಳಬೇಡಿ. ‘ಇದು ಇನ್ನೂ ಯಾರ್ಯಾರ ಮೇಜಿಗೆ ಹೋಗಬೇಕು? ಅವರಿಗೆ ಏನು ಮಾಹಿತಿ ಬೇಕು?’ ಅಂತ ಕೇಳಿ. ಇದಕ್ಕೆ ‘ಹೈ’ ಅಂದು ಸುಮ್ಮನಾಗೋಕೆ ಬರಲ್ಲ.
— ರಫ್ತು ವಿಭಾಗದ ಹಳಬ

ನಿಮ್ಮದು ಪರವಾಗಿಲ್ಲ ಬಿಡಿ. ನಾನು ದರ ಹೇಳಿದೆ. ಎದುರಿಗಿದ್ದ ಹಿರಿಯರು ಕಾಗದ ನೋಡುತ್ತಾ ಕೂತರು. ಮಾತಿಲ್ಲ. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ನನಗೆ ತಡೆಯಲಾಗಲಿಲ್ಲ. ‘ಬೇಕಿದ್ರೆ ಶೇ. 5 ಕಡಿಮೆ ಮಾಡ್ತೀವಿ’ ಅಂದುಬಿಟ್ಟೆ. ಆಮೇಲೆ ಗೊತ್ತಾಯ್ತು, ಅವರು ಸುಮ್ನೆ ಲೆಕ್ಕ ಹಾಕುತ್ತಿದ್ದರು! ಈಗೆಲ್ಲ ದರ ಹೇಳಿದ ತಕ್ಷಣ ನೀರಿನ ಲೋಟ ಎತ್ತಿಕೊಳ್ಳುತ್ತೇನೆ. ಬಾಯಲ್ಲಿ ನೀರಿದ್ದರೆ ಮಾತು ಹೊರಡಲ್ಲ ಅಲ್ವಾ?
— ಸೇಲ್ಸ್‌ನವಳು

‘ಜಪಾನಿನವರೆಲ್ಲ ಹೀಗೇ’ ಅಂತ ತೀರ್ಮಾನಿಸಬೇಡಿ. ಹೇಳದೆಯೇ ತಿಳಿಯುವ ಸಂಸ್ಕೃತಿ, ಬಿಡಿಸಿ ಹೇಳುವ ಸಂಸ್ಕೃತಿ ಅಂತ ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1976ರಲ್ಲಿ ಬರೆದರು. ಆ ಮಾತು ಹಿಡಿದು ಸಿಕ್ಕವರಿಗೆಲ್ಲ ಹಣೆಪಟ್ಟಿ ಅಂಟಿಸೋದು ಜಾಸ್ತಿಯಾಗಿದೆ. ನನ್ನ ಜೊತೆಗಿದ್ದ ಜಪಾನಿ ಮ್ಯಾನೇಜರ್ ಒಬ್ಬರು ಕೂತ ಐದೇ ನಿಮಿಷಕ್ಕೆ ‘ದರ ಜಾಸ್ತಿ, ಆಗಲ್ಲ’ ಅನ್ನುತ್ತಿದ್ದರು.

ಬಾಸ್‌ಗೆ ಇವತ್ತೇ ಹೇಳಿ, ‘ನಾನು ತಪ್ಪು ತಿಳಿದೆ’ ಅಂತ. ಗ್ರಾಹಕರ ಮೇಲೆ ಹಾಕಬೇಡಿ. ಮುಂದಿನ ಸಲ ಮೀಟಿಂಗ್ ಮುಗಿದ ದಿನವೇ ಒಂದು ಇಮೇಲ್ ಕಳಿಸಿ: ಆಗಿದ್ದೇನು, ಬಾಕಿ ಏನು. ದರವನ್ನು ‘ಬಾಕಿ’ ಕೆಳಗೇ ಬರೆಯಿರಿ. ಒಪ್ಪಿದ್ದರೆ ಅವರೇ ಮೇಲಕ್ಕೆ ಸರಿಸುತ್ತಾರೆ.
— ಅನುವಾದಕಿ